ಇನ್ನೂರಾ ಹದಿನಾಲ್ಕು ನೀಲಿ ಗೀಟು

ಗೀಟು ಎಳೆದದ್ದೆಲ್ಲ ತಪ್ಪು. ಕನ್ನಡ ಕಲಿಸುವ ವಿದ್ಯಾವತಿ ಅಕ್ಕೋರು ಇಪ್ಪತ್ತಾರು ವರ್ಷಗಳಿಂದ ನಂಬಿಕೊಂಡು, ನಡೆಸಿಕೊಂಡು ಬಂದ ಮಾತಿದು. ಮಕ್ಕಳ ನೋಟುಬುಕ್ಕುಗಳಲ್ಲಿ ಎಷ್ಟು ಲಕ್ಷ ಗೀಟು ಎಳೆದಿದ್ದಾರೋ ಅವರಿಗೇ ಗೊತ್ತಿಲ್ಲ. ಅಂಥವರು, ಶಾಲೆ ನೋಡಲು ಮೇಲಿನ ಸಾಹೇಬರು ಬರುವ ದಿನವೇ ಮುಂಜಾನೆ ಎದ್ದು, ಜಳಕ ಪೂಜೆ ಮುಗಿಸಿ, ಮೊಬೈಲಿನಲ್ಲಿ ಸಿದ್ಧರಾಮ ಮಾಸ್ತರರ ಪಾಠದ ಫೈಲು ತೆರೆದು ನೋಡಿದರೆ ಎದೆ ಧಸಕ್ಕೆಂದಿತು. ಪ್ರತಿ ಪಾಠದ ಹೆಸರಿನ ಕೆಳಗೆ ಗೀಟು, ಪ್ರತಿ ಹೋಂವರ್ಕಿನ ಕೆಳಗೆ ಗೀಟು. ಅದೂ ನೀಲಿ. ಕೆಂಪು ಮಸಿ ತೀರಿದ್ದಕ್ಕೆ ಮೇಲಿನ ಆಫೀಸಿನವರು ಯಾರೋ ನೀಲಿಯಲ್ಲಿ ತಪ್ಪು ತೋರಿಸಿದ್ದಾರೆ ಎಂದು ಅಕ್ಕೋರು ತಿಳಿದರು.

ಒಂದು ಗೀಟಿನ ಮೇಲೆ ಬೆರಳಿಟ್ಟರು. ತೆಗೆಯಬೇಕೇ ಎಂದು ಮೊಬೈಲೇ ಕೇಳಿತು. ಹೂಂ ಎಂದು ಒತ್ತಿದರು. ಗೀಟು ಹೋಯಿತು, ನೀಲಿ ಅಕ್ಷರ ಕಪ್ಪಾಯಿತು, ಅಕ್ಕೋರ ಮನಸ್ಸಿಗೆ ಹಾಯೆನಿಸಿತು. ಆಮೇಲೆ ಕೇಳಬೇಕೆ? ಒಲೆಯ ಮೇಲಿನ ಚಹಾ ಆರಿದರೂ ಮೇಲೇಳದೆ, ಒಂದೊಂದೇ ಎಣಿಸಿ, ಇನ್ನೂರಾ ಹದಿನಾಲ್ಕು ಗೀಟು ತೆಗೆದು ಹಾಕಿದರು.

ಅಯ್ಯೋ, ಅವು ತಪ್ಪಲ್ಲ, ದಾರಿ! ಸಿದ್ಧರಾಮ ಮಾಸ್ತರರು ಮೂರು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡು ಹಾಕಿದ ದಾರಿ! ವರ್ಷದ ಪಾಠಗಳನ್ನೆಲ್ಲ ವಾರವಾರಕ್ಕೆ ಹಂಚಿ ಅವರು ಒಂದು ತಾಯಿ ಫೈಲು ಮಾಡಿದ್ದರು. ಅದರಲ್ಲಿ ಪಾಠದ ಹೆಸರು ಒತ್ತಿದರೆ ಪಾಠ ತೆರೆಯಬೇಕು. ಪಾಠದೊಳಗಿನ ಹೋಂವರ್ಕು ಒತ್ತಿದರೆ ಪ್ರಶ್ನೆಗಳು ಬರಬೇಕು. ಅಲ್ಲಿಂದ ಒಬ್ಬೊಬ್ಬ ಹುಡುಗ ಹುಡುಗಿ ಬರೆದ ಉತ್ತರಕ್ಕೆ ಹೋಗಬೇಕು. ಉಳಿದ ವಿಷಯದವರೂ ತಮ್ಮ ಪಾಠ ಸೇರಿಸಲಿ ಎಂಬ ಒಳ್ಳೆಯ ಬುದ್ಧಿಯಿಂದ, ಆ ಫೈಲಿನಲ್ಲಿ ಶಾಲೆಯ ಎಲ್ಲರೂ ಬರೆಯಬಹುದು ಎಂದು ಬಾಗಿಲು ತೆರೆದಿಟ್ಟಿದ್ದರು. ಒಳ್ಳೆಯ ಬುದ್ಧಿಯವರಿಗೆ ಈ ಲೋಕದಲ್ಲಿ ಏನು ಸಿಗುತ್ತದೆ ಎಂದು ನಾನು ಬೇರೆ ಹೇಳಬೇಕೆ?

ಸಿದ್ಧರಾಮ ಮಾಸ್ತರರು ಇಂಡಿಯಲ್ಲಿ ಒಂದು ಖೋಲಿ ಹಿಡಿದು, ದಿನಾ ಟೆಂಪೋದಲ್ಲಿ ಮುಕ್ಕಾಲು ತಾಸು ಕುಲುಕಿಸಿಕೊಂಡು ಒಂದು ಹಳ್ಳಿಯ ಹೈಸ್ಕೂಲಿಗೆ ಹೋಗಿಬರುವ ವಿಜ್ಞಾನದ ಮಾಸ್ತರು. ಹೆಂಡತಿ ಭಾಗ್ಯಾ ಇರುವುದು ಬಸವನ ಬಾಗೇವಾಡಿಯಲ್ಲಿ. ಅಲ್ಲಿಂದ ಆಕೆ ಮಸೂತಿಯ ಶಾಲೆಗೆ ಪಾಠ ಹೇಳಲು ಹೋಗುತ್ತಾಳೆ. ಮದುವೆಯಾಗಿ ನಾಲ್ಕು ವರ್ಷವಾಯಿತು. ಗಂಡ ಹೆಂಡತಿ ಒಟ್ಟಿಗಿರುವುದು ಶನಿವಾರ ಸಂಜೆಯಿಂದ ಸೋಮವಾರ ನಸುಕಿನವರೆಗೆ ಮಾತ್ರ. ಉಳಿದ ದಿನ ಮಾಸ್ತರರು ತಾವೇ ಬಡಿದ ರೊಟ್ಟಿ ತಿನ್ನುತ್ತಾರೆ. ಆ ರೊಟ್ಟಿಯ ಬಗ್ಗೆ ಹೆಚ್ಚು ಹೇಳುವುದು ಬೇಡ.

ಹೀಗಿರುವಾಗ ಸುದ್ದಿ ಬಂತು. ಬಾಗೇವಾಡಿಯಲ್ಲಿ ಮಾಸ್ತರರಿಗಾಗಿ ಒಂದು ತರಬೇತಿ ಕೇಂದ್ರ ಶುರುವಾಗುತ್ತದೆ. ಪಾಠ, ಹೋಂವರ್ಕುಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿಡುವುದು ಹೇಗೆಂದು ಕಲಿಸಲು ಒಬ್ಬರನ್ನು ಎರಡು ವರ್ಷ ಅಲ್ಲಿಗೆ ಹಾಕುತ್ತಾರೆ. ಯಾರನ್ನು ಎಂದು ಆರಿಸುವವರು ಚೇತನಕುಮಾರ ಸಾಹೇಬರು. ಅವರು ಸಿಂದಗಿ ಕಡೆಯ, ಮುದ್ದೇಬಿಹಾಳ ಕಡೆಯ ಶಾಲೆಗಳನ್ನೆಲ್ಲ ನೋಡಿ ಮುಗಿಸಿ ಕೊನೆಗೆ ಇಂದು ಇಲ್ಲಿಗೆ ಬರುವವರಿದ್ದರು. ಸಿದ್ಧರಾಮ ಮಾಸ್ತರರು ಭಾಗ್ಯಾಳಿಗೆ ಈ ವಿಷಯ ಹೇಳಿರಲಿಲ್ಲ. ಆರ್ಡರು ಕೈಗೆ ಬಂದ ಮೇಲೆ, ಟ್ರಂಕು ಹೊತ್ತುಕೊಂಡೇ ಹೋಗಿ ಬಾಗಿಲಲ್ಲಿ ನಿಲ್ಲಬೇಕು ಎಂದು ಆಸೆ ಇಟ್ಟುಕೊಂಡಿದ್ದರು.

ಆ ಮುಂಜಾನೆ ಟೆಂಪೋದಲ್ಲಿ ಕುಳಿತು ಸುಮ್ಮನೆ ಒಮ್ಮೆ ನೋಡೋಣವೆಂದು ಫೈಲು ತೆರೆದರು. ಮೊದಲನೇ ಪಾಠ ಒತ್ತಿದರು. ಏನೂ ಆಗಲಿಲ್ಲ. ಎರಡನೆಯದು ಒತ್ತಿದರು. ಊಹೂಂ. ಹತ್ತನೆಯದನ್ನು ಒತ್ತುವಷ್ಟರಲ್ಲಿ ಮಾಸ್ತರರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಯಾರು ಕೈಯಾಡಿಸಿದ್ದಾರೆ ಎಂದು ಫೈಲಿನಲ್ಲೇ ಹೆಸರು ಕಾಣುತ್ತಿತ್ತು. ಕೂಡಲೇ ಫೋನು ಹಚ್ಚಿದರು.

"ಅಕ್ಕೋರ, ನಮಸ್ಕಾರ್ರಿ. ಫೈಲನ್ಯಾಗ ಏನರ ಮಾಡೀರೇನ್ರಿ?"

"ಮಾಡೇನ್ರಿ ಮಾಸ್ತರ! ನೀವ ಕೇಳ್ಲಿ ಅಂತ ಕುಂತಿದ್ದೆ ನೋಡ್ರಿ. ಇನ್ನೂರಾ ಹದಿನಾಲ್ಕ ತಪ್ಪ ಇದ್ವು. ಒಂದೂ ಬಿಟ್ಟಿಲ್ಲ. ಇಷ್ಟ ತಪ್ಪ ಇಟಗೊಂಡು ಸಾಹೇಬ್ರ ಮುಂದ ನಿಂದ್ರಾವ್ರಿದ್ರೇನ್ರಿ?"

"ಅವು ತಪ್ಪ ಅಲ್ಲರಿ ಯವ್ವಾ! ಲಿಂಕ್ ಅದಾವ್ರಿ! ಒತ್ತಿದ್ರ ಪಾಠಕ್ಕ ಹೋಗ್ತಾವ್ರಿ!"

"ಪಾಠ ಯಾಕ ಹೋಗಬೇಕ್ರಿ? ಹುಡುಗೂರಿಗೆ ಒಂದ ಕಡಿ ಕುಂದರ್ರಿ ಅಂತ ನಾವ ದಿನಾ ಒದರತೇವಿ. ನಿಮ್ಮ ಪಾಠ ಮಾತ್ರ ಓಡ್ಯಾಡಬೇಕೇನ್ರಿ? ಇರ್ಲಿ, ಥ್ಯಾಂಕ್ಸ್ ಏನ್ ಹೇಳೂದ ಬ್ಯಾಡ. ನೀವು ನಮ್ಮ ತಮ್ಮ ಇದ್ದಂಗ."

ಫೋನು ಇಟ್ಟೇಬಿಟ್ಟರು. ಮಾಸ್ತರರು ತಲೆಯ ಮೇಲೆ ಕೈಹೊತ್ತು ಕುಳಿತರು. ಪಕ್ಕದಲ್ಲಿ ಲಿಂಬೆಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಮುದುಕಿ ಚಂದವ್ವ ಅವರ ಮುಖ ನೋಡಿ ಕರಗಿದಳು.

"ಯಾಕೋ ನನ್ನಪ್ಪ, ಯಾರರ ಹೋದ್ರೇನು?"

"ಇನ್ನೂರಾ ಹದಿನಾಲ್ಕ ಹೋದ್ವು ಯಮ್ಮಾ. ಒಂದ ಮುಂಜಾನ್ಯಾಗ."

"ಅಯ್ ಶಿವನೇ! ಇನ್ನೂರ ಕುರಿ! ಏನ್ ಬ್ಯಾನಿ ಬಂದಿತ್ತೋ?"

ಟೆಂಪೋದ ತುಂಬ ಸುದ್ದಿ ಹರಡಿತು. ಮಾಸ್ತರರ ಕುರಿಗಳಿಗೆ ಔಷಧ ಹೇಳುವವರು ಒಬ್ಬರು, ಸರಕಾರದ ಪರಿಹಾರಕ್ಕೆ ಅರ್ಜಿ ಎಲ್ಲಿ ಕೊಡಬೇಕೆಂದು ಹೇಳುವವರು ಮತ್ತೊಬ್ಬರು. ಕುರಿಯಲ್ಲ, ಪಾಠ ಎಂದು ಮಾಸ್ತರರು ಎರಡು ಸಲ ಹೇಳಿದ್ದು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಇಳಿಯುವಾಗ ಚಂದವ್ವ ಅವರ ಕೈಯಲ್ಲಿ ನಾಲ್ಕು ಲಿಂಬೆಹಣ್ಣು ಇಟ್ಟು ಕಣ್ಣೊರೆಸಿಕೊಂಡಳು.

ಶಾಲೆಯಲ್ಲಿ ಇನ್ನೊಂದು ಕತೆ. ಅಳಿಸಿದ್ದನ್ನು ತಿರುಗಿ ತರಬಹುದು. ಫೈಲಿನ ಹಳೆಯ ರೂಪಗಳೆಲ್ಲ ಒಳಗೆ ಉಳಿದಿರುತ್ತವೆ. ಆದರೆ ಅದಕ್ಕೆ ಲ್ಯಾಪ್‌ಟಾಪು ಬೇಕು. ಲ್ಯಾಪ್‌ಟಾಪು ಹೆಡ್ ಮಾಸ್ತರು ಬಸವಂತರಾಯರ ಕಪಾಟಿನಲ್ಲಿ, ಕಪಾಟಿನ ಕೀಲಿ ಬಸವಂತರಾಯರ ಉಡದಾರದಲ್ಲಿ. ಮಕ್ಕಳ ಕೈಗೆ ಸಿಕ್ಕು ಸವೆದೀತೆಂದು, ಸರಕಾರ ಕೊಟ್ಟ ಆ ಲ್ಯಾಪ್‌ಟಾಪನ್ನು ಅವರು ಮಗಳ ಮದುವೆಯ ಬಂಗಾರದಂತೆ ಕಾದಿಟ್ಟಿದ್ದರು. ಅವರು ಬಂದು, ಬೂಟು ಬಿಚ್ಚಿ, ದೇವರ ಫೋಟೋಕ್ಕೆ ಊದುಬತ್ತಿ ಹಚ್ಚಿ, ಕೀಲಿ ತೆಗೆಯುವವರೆಗೆ ಸಿದ್ಧರಾಮ ಮಾಸ್ತರರು ಕಪಾಟಿನ ಮುಂದೆ ಬಚ್ಚಲಿಗೆ ಹೋಗುವ ಅವಸರದವರಂತೆ ನಿಂತಿದ್ದರು.

ಹಳೆಯ ರೂಪ ತಿರುಗಿ ಬಂತು. ಇನ್ನೂರಾ ಹದಿನಾಲ್ಕು ನೀಲಿ ಗೀಟೂ ಬಂದವು.

"ಹೋದದ್ದನ್ನ ಹಿಂಗ ತಿರಗಿ ತರಾಕ ಬರ್ತೈತೇನ್ರಿ?" ಎಂದು ಬಸವಂತರಾಯರು ಕಣ್ಣರಳಿಸಿದರು. "ಹಂಗಾದ್ರ ನಮ್ಮ ಎರಡ ವರ್ಷದ ಹಿಂದಿನ ಹತ್ತನೇ ಇಯತ್ತೆ ರಿಸಲ್ಟ್ ತರ್ರೆಲಾ. ಅವಾಗ ಛಲೋ ಇತ್ತು."

"ಅದು ಬರಂಗಿಲ್ರಿ ಸರ. ಇಲ್ಲಿ ನೋಡ್ರಿ, ಈ ನೀಲಿ ಗೀಟ ಅದಾವಲ್ಲ, ಇವು ಇರಬೇಕ್ರಿ. ಇವನ್ನ ಯಾರೂ ಮುಟ್ಟಬಾರದ್ರಿ."

"ಹೂಂ, ಹೂಂ," ಎಂದರು ಬಸವಂತರಾಯರು. ಅವರ ಹೂಂ ಬಗ್ಗೆ ಒಂದು ಮಾತು ಹೇಳಬೇಕು. ತಿಳಿದಾಗ ಒಂದು ಹೂಂ ಅನ್ನುತ್ತಾರೆ, ತಿಳಿಯದಿದ್ದಾಗ ಎರಡು. ಸಿದ್ಧರಾಮ ಮಾಸ್ತರರು ಅವಸರದಲ್ಲಿ ಎಣಿಸಲಿಲ್ಲ.

ಲ್ಯಾಪ್‌ಟಾಪು ಹೊತ್ತುಕೊಂಡು ಹತ್ತನೇ ತರಗತಿಗೆ ಹೋದರು. ಪ್ರೊಜೆಕ್ಟರು ಹಚ್ಚಿ, ಫೈಲನ್ನು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿ, ಕಿಟಕಿಗೆ ಚಾಪೆ ಕಟ್ಟಿಸಿದರು. ಮಕ್ಕಳು ಬಾಯಿಬಿಟ್ಟು ನೋಡುತ್ತಿದ್ದರು. ಮಾಸ್ತರರಿಗೂ ನೋಡಿ ಹೊಟ್ಟೆ ತುಂಬಿತು. ಎಲ್ಲ ಮುಗಿಯಿತು, ಇನ್ನು ಸಾಹೇಬರು ಬರುವುದೊಂದೇ ಬಾಕಿ ಎಂದುಕೊಂಡರು.

ಆಗ ಹುಮಾ ಎಂಬ ಹುಡುಗಿ ಎದ್ದು ನಿಂತಳು. "ಸರ, ಗೋಡಿಮ್ಯಾಲಿನ ಗೀಟ ಹೊಂಟಾವ್ರಿ."

ಹೌದು, ಹೊಂಟಿದ್ದವು! ಗೋಡೆಯ ಮೇಲಿನಿಂದ ಒಂದು ಗೀಟು ಪಟ್ಟನೆ ಮಾಯವಾಯಿತು. ಕೆಳಗಿನದು ಹೋಯಿತು. ಎಡಕ್ಕೊಂದು, ಬಲಕ್ಕೊಂದು, ನಡುವೆ ನಾಲ್ಕು. ಮಕ್ಕಳು ಒಂದು, ಎರಡು, ಮೂರು ಎಂದು ಗದ್ದಲ ಹಾಕಿ ಎಣಿಸಲು ಶುರುಮಾಡಿದರು. ಒಂದು ಮುಂಜಾನೆಯೆಲ್ಲ ಅಕ್ಕೋರು ಒಬ್ಬರೇ ಮಾಡಿದ ಕೆಲಸ ಈಗ ಹತ್ತು ನಿಮಿಷದಲ್ಲಿ ಆಗುತ್ತಿತ್ತು. ಸಿದ್ಧರಾಮ ಮಾಸ್ತರರು ಚಪ್ಪಲಿ ಮೆಟ್ಟುವುದನ್ನೂ ಮರೆತು ಸ್ಟಾಫ್ ರೂಮಿಗೆ ಓಡಿದರು.

ಅಲ್ಲಿ ಇಡೀ ಸ್ಟಾಫು ಮೇಜಿನ ಸುತ್ತ ಮೊಬೈಲು ಹಿಡಿದು ತಲೆತಗ್ಗಿಸಿ ಕುಳಿತಿತ್ತು. ತಾವು ತೆಗೆದ ತಪ್ಪುಗಳು ಮತ್ತೆ ಬಂದಿವೆ ಎಂದು ಅಕ್ಕೋರು ಗಾಬರಿಯಾಗಿ ಹೆಡ್ ಮಾಸ್ತರರಿಗೆ ತೋರಿಸಿದ್ದರು. ಹೆಡ್ ಮಾಸ್ತರರು ಎಲ್ಲರನ್ನೂ ಕೂಡಿಸಿ ಪಾಠ ಹಂಚಿಕೊಟ್ಟಿದ್ದರು. ಪಿ.ಟಿ. ಮಾಸ್ತರು ಅಮೀನುದ್ದೀನರು ಬಾಗಿಲಲ್ಲಿ ನಿಂತು ಸೀಟಿ ಊದುತ್ತಿದ್ದರು.

"ಎಂಟನೇ ಪಾಠದಾಗ ಇನ್ನ ಮೂರ ಉಳದಾವ್ರಿ! ಲಗೂ ಲಗೂ!"

"ನಿಲ್ಲಸ್ರಿ!" ಎಂದು ಕೂಗಿದರು ಸಿದ್ಧರಾಮ ಮಾಸ್ತರರು. ಅವರು ಈ ಶಾಲೆಯಲ್ಲಿ ಎಂದೂ ಹಾಗೆ ಕೂಗಿದವರಲ್ಲ. "ಏನ್ ಮಾಡಾಕತ್ತೀರಿ ಎಲ್ಲಾರೂ ಕೂಡಿ? ಯಾರ ಹೇಳಿದ್ರು ನಿಮಗ? ಮೂರ ತಿಂಗಳ ಕುಂತ ಮಾಡೇನ್ರಿ ನಾನು! ಕೇಳಬೇಕೋ ಬ್ಯಾಡೋ ನನ್ನ?"

"ಮಾಸ್ತರ, ಸಿಟ್ಟಿಗೇಳಬ್ಯಾಡ್ರಿ," ಎಂದು ಬಸವಂತರಾಯರು ಸಮಾಧಾನ ಹೇಳಿದರು. "ನಿಮ್ಮ ಒಬ್ಬರ ಮರ್ಯಾದಿ ಅಲ್ಲ, ಸಾಲಿ ಮರ್ಯಾದಿ. ಎಲ್ಲಾರೂ ಕೂಡಿ ಸ್ವಚ್ಛ ಮಾಡೇವಿ. ಈಗ ಹೆಂಗ ಕಾಣತೈತಿ ನೋಡ್ರಿ, ಥೇಟ್ ಅಚ್ಚಿನ ಪುಸ್ತಕ!"

ಇವರಿಗೆ ಏನು ಹೇಳುವುದು? ಹೊಡೆಯಲು ಬಂದವರ ಕೈ ಹಿಡಿಯಬಹುದು. ಉಪಕಾರ ಮಾಡಲು ಬಂದವರನ್ನು ಹಿಡಿಯುವುದು ಎಲ್ಲಿ? ಸಿದ್ಧರಾಮ ಮಾಸ್ತರರು ತಿರುಗಿ ಓಡಿದರು. ಲ್ಯಾಪ್‌ಟಾಪಿನ ಮುಂದೆ ಕುಳಿತು, ಮೊದಲು ಫೈಲಿನ ಬಾಗಿಲು ಹಾಕಿದರು. ತಾವೊಬ್ಬರ ಹೊರತು ಬೇರೆ ಯಾರೂ ಅದನ್ನು ಮುಟ್ಟದ ಹಾಗೆ ಮಾಡಿ, ಆಮೇಲೆ ಹಳೆಯ ರೂಪವನ್ನು ಮತ್ತೊಮ್ಮೆ ತಂದರು.

ಎರಡು ನಿಮಿಷವಾಗಲಿಲ್ಲ, ಅಕ್ಕೋರು ಮೊಬೈಲು ಮುಂದೆ ಹಿಡಿದುಕೊಂಡು ಬಂದರು. ಹಿಂದೆ ಬಸವಂತರಾಯರು, ಅವರ ಹಿಂದೆ ಅಮೀನುದ್ದೀನರು.

"ನಿಮಗೆ ಅನುಮತಿ ಇಲ್ಲ ಅಂತ ಬರಾಕತ್ತೈತ್ರಿ ಇದರಾಗ! ಇಪ್ಪತ್ತಾರ ವರ್ಷ ಸರ್ವಿಸ್ ಮಾಡೇನಿ. ಇಷ್ಟ ವರ್ಷದಾಗ ನನಗ ಅನುಮತಿ ಇಲ್ಲ ಅಂತ ಯಾರೂ ಅಂದಿದ್ದಿಲ್ಲ. ತಮ್ಮ ಅಂತ ತಿಳದು ಮಾಡಿದ್ದಕ್ಕ ಇದೇನ್ರಿ ಬಕ್ಷೀಸು?" ಎಂದರು ಅಕ್ಕೋರು.

"ನನಗೂ ಹಂಗ ಬಂತ್ರಿ," ಎಂದರು ಬಸವಂತರಾಯರು ಗಂಭೀರವಾಗಿ. "ಹೆಡ್ ಮಾಸ್ತರಿಗೇ ಅನುಮತಿ ಇಲ್ಲ ಅಂದ್ರ ಈ ಸಾಲಿಗೆ ಹೆಡ್ಡು ಯಾರ್ರಿ?"

"ಸರ, ನನ್ನ ಮೂರ ತಿಂಗಳ..."

"ನಿಮ್ಮ ಮೂರ ತಿಂಗಳ ಇರ್ಲಿ, ನಮ್ಮ ಮಾನಾ?"

ಹೀಗೆ ಮಾತಿಗೆ ಮಾತು ಬೆಳೆದು, ಕಳೆದುಕೊಂಡವನೇ ಕಳ್ಳನಂತೆ ತಲೆತಗ್ಗಿಸಿ ನಿಲ್ಲಬೇಕಾಯಿತು. ಇನ್ನೂ ಎಷ್ಟು ಹೊತ್ತು ನಡೆಯುತ್ತಿತ್ತೋ, ಅಷ್ಟರಲ್ಲಿ ಹೊರಗೆ ಜೀಪಿನ ಸದ್ದಾಯಿತು. ಎಲ್ಲರೂ ಮುಖದ ಮೇಲೆ ನಗೆ ತಂದುಕೊಂಡು ಅಂಗಳಕ್ಕೆ ಓಡಿದರು.

ಚೇತನಕುಮಾರ ಸಾಹೇಬರು ದಣಿದಿದ್ದರು. ತಿಂಗಳಿಡೀ ಊರೂರು ತಿರುಗಿ, ಕತ್ತಲೆ ಮಾಡಿದ ಕ್ಲಾಸುಗಳಲ್ಲಿ ಗೋಡೆ ನೋಡಿ ನೋಡಿ ಅವರ ಕಣ್ಣು ಸೋತಿದ್ದವು. ಚಹಾ ಕುಡಿದು, ಹತ್ತನೇ ತರಗತಿಗೆ ಬಂದು ಕುರ್ಚಿಯ ಮೇಲೆ ಒರಗಿದರು. ಸಿದ್ಧರಾಮ ಮಾಸ್ತರರು ಗಂಟಲು ಸರಿಮಾಡಿಕೊಂಡು ಹೇಳತೊಡಗಿದರು. ಆಮ್ಲ, ಪ್ರತ್ಯಾಮ್ಲದ ಪಾಠ ಒತ್ತಿದರು, ತೆರೆಯಿತು! ಮಾಸ್ತರರ ಧ್ವನಿಗೆ ಜೀವ ಬಂತು. ಬಾಗೇವಾಡಿ ಕಣ್ಣ ಮುಂದೆ ಬಂತು. ಭಾಗ್ಯಾ ಬಡಿದ ಬಿಸಿ ರೊಟ್ಟಿಯ ವಾಸನೆಯೂ ಬಂತು.

"ಕೊಡ್ರಿ ಇಲ್ಲೆ, ನಾನ ನೋಡತೇನಿ," ಎಂದು ಸಾಹೇಬರು ಮೌಸು ಕಸಿದುಕೊಂಡರು.

ಒಂದು ನೀಲಿ ಗೀಟು ಒತ್ತಿದರು. ಹೋಂವರ್ಕು ಬಂತು. ಅದರಲ್ಲಿನ ಇನ್ನೊಂದು ಒತ್ತಿದರು. ಮಕ್ಕಳ ಹೆಸರಿನ ಪಟ್ಟಿ ಬಂತು. ಅದರಲ್ಲೊಂದು ಒತ್ತಿದರು. ಗೋಡೆಯ ತುಂಬ ಒಬ್ಬ ಮುದುಕಿ ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡು ನಿಂತಳು. ಸಾಹೇಬರು ಕುರ್ಚಿಯಲ್ಲಿ ಬೆಚ್ಚಿಬಿದ್ದರು.

"ಯಾರ್ರಿ ಈಕಿ?"

"ನಮ್ಮ ದಾದಿ ಅದಾರ್ರಿ, ನಮ್ಮಪ್ಪನ ಅವ್ವ," ಎಂದಳು ಹುಮಾ ಹೆಮ್ಮೆಯಿಂದ.

"ಮನ್ಯಾಗ ಇರೂ ಆಮ್ಲ ಹುಡುಕ್ರಿ ಅಂತ ಹೋಂವರ್ಕ್ ಕೊಟ್ಟಿದ್ದೆರಿ," ಎಂದರು ಮಾಸ್ತರರು. "ಲಿಂಬಿ ಉಪ್ಪಿನಕಾಯಿ ಫೋಟೋ ಹಾಕ್ಯಾಳ್ರಿ. ಭಾಳ ಬರೋಬ್ಬರಿ ಉತ್ತರ ಐತ್ರಿ."

"ನಾ ಪಾಠ ನೋಡಾಕತ್ತಿದ್ದೆನಲ್ಲಾ? ಪಾಠದಿಂದ ಈ ಅಮ್ಮನ ಅಡಗಿ ಮನಿಗೆ ಹೆಂಗ ಬಂದೆ? ತಿರಗಿ ಹೋಗೂದ ಹೆಂಗ?" ಸಾಹೇಬರು ಮತ್ತೊಂದು ಒತ್ತಿದರು. ಇನ್ಯಾವುದೋ ಹುಡುಗನ ಮನೆಯ ಮೊಸರಿನ ಗಡಿಗೆ ಬಂತು. ಇನ್ನೊಂದು ಒತ್ತಿದರು. ಒಂಬತ್ತನೇ ತರಗತಿಯ ಪಾಠ ಬಂತು. ಸಾಹೇಬರು ಮೌಸನ್ನು ಮೇಜಿನ ಮೇಲೆ ಕುಕ್ಕಿದರು. "ಇದ ನೋಡ್ರಿ ನನಗ ಸಾಕಾಗಿದ್ದು! ಸಿಂದಗಿ ಕಡಿ ಹೋದೆ, ಅಲ್ಲೂ ಹಿಂಗ. ಮುದ್ದೇಬಿಹಾಳ ಕಡಿ ಹೋದೆ, ಅಲ್ಲೂ ಹಿಂಗ. ಎಲ್ಲಿ ಕೈ ಇಟ್ರೂ ಜಿಗದ ಇನ್ನೆಲ್ಲೋ ಒಯ್ಯತೈತಿ. ಒಂದರ ಸಾಲ್ಯಾಗ ಒಂದರ ಪಾಠ ನಿಂತಲ್ಲೆ ನಿಂದ್ರಬಾರದೇನ್ರಿ?"

ಬಸವಂತರಾಯರು ಎದ್ದು ನಿಂತು ಕೈಜೋಡಿಸಿದರು.

"ಸಾಹೇಬ್ರ, ತಪ್ಪ ತಿಳ್ಕೋಬಾರದು. ಇದು ಹೊಲಸ ಪ್ರತಿ. ಸ್ವಚ್ಛ ಪ್ರತಿ ಬ್ಯಾರೆ ಐತಿ."

ಸಿದ್ಧರಾಮ ಮಾಸ್ತರರು ಓಡಿಹೋಗಿ ಫೈಲಿನ ಬಾಗಿಲು ಹಾಕುವ ಮೊದಲೇ ಬಸವಂತರಾಯರು ಒಂದು ಕೆಲಸ ಮುಗಿಸಿದ್ದರು. ಗೀಟು ಹೋದಂತೆಲ್ಲ ಒಂದೊಂದೇ ಪುಟವನ್ನು ಕ್ಲಾರ್ಕು ಅನಿಲನ ಕೈಯಲ್ಲಿ ಪ್ರಿಂಟು ತೆಗೆಸಿದ್ದರು. ಈಗ ವಿದ್ಯಾವತಿ ಅಕ್ಕೋರು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ದಾರದಿಂದ ಹೊಲಿದು ರಟ್ಟು ಹಾಕಿತ್ತು. ಪುಟ ಪುಟಕ್ಕೂ ಹೆಡ್ ಮಾಸ್ತರರ ಹಸಿರು ಸಹಿ, ದುಂಡನೆಯ ಮೊಹರು.

ಸಾಹೇಬರು ಒಂದು ಪುಟ ತಿರುಗಿಸಿದರು. ಇನ್ನೊಂದು ತಿರುಗಿಸಿದರು. ಬೆರಳಿನಿಂದ ಒಂದು ಪಾಠದ ಹೆಸರನ್ನು ಒತ್ತಿಯೂ ನೋಡಿದರು. ಅದು ಎಲ್ಲಿಗೂ ಹೋಗಲಿಲ್ಲ. ಸಾಹೇಬರ ಮುಖ ಅರಳಿತು.

"ಹಾಂ! ಇದಕ್ಕ ಅಂತಾರ ಡಿಜಿಟಲ್! ಯಾರ್ರಿ ಇದನ್ನ ಹಿಂಗ ನಿಂದ್ರಸಿದವರು?"

"ಈ ಅಕ್ಕೋರ್ರಿ," ಎಂದರು ಬಸವಂತರಾಯರು. "ಇನ್ನೂರಾ ಹದಿನಾಲ್ಕ ಗೀಟ ಒಬ್ಬರ ತಗದಾರ್ರಿ."

ಸಿದ್ಧರಾಮ ಮಾಸ್ತರರಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಗೀಟ ತಗದ್ರ ಅದರಾಗ ಏನ್ ಉಳೀತ್ರಿ? ಬರೇ ಹಾಳಿ ಉಳೀತು! ಆ ಹಾಳಿಮ್ಯಾಗ ಇರೂದೂ ನಾನ ಬರದದ್ದರಿ! ಒಂದೊಂದ ಅಕ್ಷರ ನಂದರಿ!"

"ಹಾಳಿ ಆದ್ರ ಏನಾತ್ರಿ ಮಾಸ್ತರ? ಹಾಳಿಮ್ಯಾಗ ಸಹಿ ಮಾಡಾಕರ ಬರ್ತೈತಿ. ನಿಮ್ಮ ಗೋಡಿಮ್ಯಾಗ ಮಾಡ್ಲೇನು?" ಎಂದು ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು. "ಬಾಗೇವಾಡಿಗೆ ಈ ಅಕ್ಕೋರ ಬರ್ಲಿ. ಗೀಟ ಹೆಂಗ ತಗೀಬೇಕಂತ ಉಳದ ಮಾಸ್ತರಗೋಳಿಗೆಲ್ಲ ಕಲಸಲಿ. ಇವರ ಕನ್ನಡ ಕ್ಲಾಸ್ ಎರಡ ವರ್ಷ ನೀವು ತಗೋರಿ."

ನೀವೇ ಹೇಳಿ, ಇದಕ್ಕಿಂತ ಅನ್ಯಾಯ ಉಂಟೆ? ದಾರಿ ಹಾಕಿದವನು ಇದ್ದಲ್ಲೇ, ದಾರಿ ಕಿತ್ತವರಿಗೆ ಬಾಗೇವಾಡಿ. ಆದರೆ ಎಲ್ಲರಿಗಿಂತ ಹೆಚ್ಚು ಗಾಬರಿಯಾದವರು ಅಕ್ಕೋರೇ.

"ನಾ ಒಲ್ಲೆರಿ ಸಾಹೇಬ್ರ! ನಮ್ಮ ಮನಿಯವರು ಲಿಂಬಿ ತ್ವಾಟಾ ಬಿಟ್ಟ ಎಲ್ಲೂ ಬರಂಗಿಲ್ಲ. ಬಾಗೇವಾಡ್ಯಾಗ ನನಗ ಯಾರ ಅದಾರ್ರಿ? ಒಬ್ಬಾಕಿ ಎಲ್ಲಿ ಇರ್ಲಿ?"

ಸಾಹೇಬರು ಗಡಿಯಾರ ನೋಡಿಕೊಂಡರು. "ಸಂಜಿ ಆರರ ತನಕ ಟೈಮ್ ಕೊಡತೇನಿ. ಇರಾಕ ಜಾಗಾ ಸಿಗಲಿಲ್ಲ ಅಂದ್ರ ಫೋನ್ ಹಚ್ಚಿ ಹೇಳ್ರಿ. ಮತ್ತ ಏನ್ ಮಾಡೂದು, ಈ ಮಾಸ್ತರ ಹೆಸರ ಬರೀತೇನಿ." ಹಾಗೆಂದು ಜೀಪು ಹತ್ತಿ ಹೋದರು.

ಈ ಮಾಸ್ತರ ಹೆಸರ! ಸಿದ್ಧರಾಮ ಮಾಸ್ತರರಿಗೆ ಹೋದ ಜೀವ ಬಂತು. ಇನ್ನು ಸುಮ್ಮನೆ ಕುಳಿತರೆ ಕೆಲಸ ಕೆಟ್ಟೀತು. ಮುಂಜಾನೆಯಿಂದ ತಮ್ಮ ತಮ್ಮ ಎಂದು ಪ್ರಾಣ ತೆಗೆದವರ ಹತ್ತಿರ ತಮ್ಮನ ಹಾಗೆಯೇ ಹೋಗಿ ಕುಳಿತು, ಧ್ವನಿಯಲ್ಲಿ ಜೇನು ಸುರಿಸಿದರು.

"ಅಕ್ಕೋರ, ನಿಮ್ಮ ತ್ರಾಸ ನನಗ ತಿಳೀತೈತ್ರಿ. ಬಾಗೇವಾಡ್ಯಾಗ ಮನಿ ಸಿಗೂದ ಭಾಳ ಕಷ್ಟ. ಅದರ ಮ್ಯಾಲ ಒಬ್ಬರ ಹೆಣಮಕ್ಕಳು ಅಂದ್ರ ಒಟ್ಟ ಕೊಡಂಗಿಲ್ರಿ. ನಮ್ಮ ಭಾಗ್ಯಾ ನಾಕ ತಿಂಗಳ ಹುಡುಕ್ಯಾಳ್ರಿ."

"ಹೌದೇನ್ರಿ? ನಾಕ ತಿಂಗಳ?"

"ಖರೇನರಿ. ಬೇಕಾದ್ರ ಆಕಿನ್ನ ಕೇಳ್ರಿ. ನಂಬರ್ ತಗೋರಿ."

ನಂಬರನ್ನು ತಾವೇ ಅಕ್ಕೋರ ಮೊಬೈಲಿನಲ್ಲಿ ಬರೆದು ಕೊಟ್ಟರು. ಭಾಗ್ಯಾ ಮನೆಯ ವಿಷಯ ತೆಗೆದರೆ ಸಾಕು, ಬಾಗೇವಾಡಿಯ ಮನೆಮಾಲೀಕರನ್ನು ಒಂದು ತಾಸು ಬಯ್ಯುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಅಕ್ಕೋರು ಅದನ್ನು ಕೇಳಿದ ಮೇಲೆ ಮುಗಿಯಿತು, ಇಂಡಿ ತಾಲೂಕು ದಾಟುವುದಿಲ್ಲ. ಇಷ್ಟು ಜಾಣತನ ತಮ್ಮಲ್ಲಿ ಎಲ್ಲಿ ಅಡಗಿತ್ತೋ ಎಂದು ಮಾಸ್ತರರಿಗೇ ಆಶ್ಚರ್ಯವಾಯಿತು.

ಸಂಜೆ ಇಂಡಿಯಲ್ಲಿ ಟೆಂಪೋ ಇಳಿದವರು ನೆಟ್ಟಗೆ ಮಿಠಾಯಿ ಅಂಗಡಿಗೆ ಹೋಗಿ ಅರ್ಧ ಕಿಲೋ ಫೇಡೆ ಕಟ್ಟಿಸಿದರು. ಬಸ್ ಸ್ಟ್ಯಾಂಡಿನ ಗಡಿಯಾರದಲ್ಲಿ ಆರು ಗಂಟೆಯಾಗುವುದನ್ನೇ ನೋಡುತ್ತ ನಿಂತರು. ಆರು ಬಡಿಯಿತು. ಐದು ನಿಮಿಷ ಹೆಚ್ಚೂ ಆಯಿತು. ಅಷ್ಟರಲ್ಲಿ ಭಾಗ್ಯಾಳ ಫೋನು ಬಂತು. ಆಕೆಯ ಧ್ವನಿಯಲ್ಲಿ ಎಂದೂ ಇಲ್ಲದ ಖುಷಿ.

"ರೀ, ನಿಮ್ಮ ಸಾಲಿ ವಿದ್ಯಾವತಿ ಅಕ್ಕೋರು ಫೋನ್ ಮಾಡಿದ್ರು!"

"ಹಾಂ, ನಾನ ನಂಬರ್ ಕೊಟ್ಟಿದ್ದೆ. ಮನಿ ಸಿಗಂಗಿಲ್ಲ ಅಂತ ಹೇಳಿದ್ಯಲ್ಲಾ?"

"ಹೇಳೇನ್ರಿ. ಒಂದ ತಾಸ ಹೇಳೇನಿ. ಪಾಪ, ಕೇಳಿ ಕೇಳಿ ಅಳಾಕ ಹತ್ತಿದ್ರು. ನಿಮ್ಮನ್ನ ತಮ್ಮ ತಮ್ಮ ಅಂತ ಎಷ್ಟ ಹಚಗೊಂಡಾರ್ರಿ! ನನಗ ತಡೀಲಿಲ್ಲ. ಊರ ತುಂಬ ಯಾಕ ಹುಡುಕತೀರಿ, ನಮ್ಮ ಮನಿಗೇ ಬಂದ ಇರ್ರಿ ಅಕ್ಕೋರ ಅಂದೇನಿ."

ಮಾಸ್ತರರ ಕೈಯ ಫೇಡೆಯ ಪೊಟ್ಟಣ ಸಡಿಲಾಯಿತು. "ನಮ್ಮ ಮನಿಗೆ?"

"ಹೂಂನ್ರಿ. ನೀವಂತೂ ಇಂಡಿ ಬಿಟ್ಟ ಬರೂ ಹಂಗ ಇಲ್ಲ. ನಾ ಇಲ್ಲೆ ಒಬ್ಬಾಕೀನ ಎಷ್ಟಂತ ಗೋಡಿ ನೋಡ್ಲಿ? ಎರಡ ವರ್ಷ ನನಗೂ ಜೋಡಿ ಆತು. ಸಾಹೇಬ್ರಿಗೆ ಹೂಂ ಅಂತ ಹೇಳಿಬಿಟ್ರಂತ. ಐತವಾರ ಸಾಮಾನ ತರ್ತಾರಂತ. ನೀವೂ ಕೂಡಿ ಬಂದು ಇಳಸಾಕ ಕೈ ಹಚ್ಚರಿ." ಭಾಗ್ಯಾ ಮುಂದುವರಿಸಿದಳು. "ಮತ್ತ ಕೇಳ್ರಿ, ಮನಿ ಇರೂದು ಒಂದ ಖೋಲಿ. ಅಕ್ಕೋರು ನಿಮಗಿಂತ ಹಿರೇರು, ಅವರ ಇದ್ದಾಗ ನೀವು ಒಳಗ ಮಲಗೂದ ಬರೋಬ್ಬರಿ ಆಗಂಗಿಲ್ಲ. ಎದರ ಮನಿ ಕಾಕಾನ್ನ ಕೇಳೇನಿ. ಶನಿವಾರ ಶನಿವಾರ ನೀವು ಅವರ ಕಟ್ಟಿಮ್ಯಾಗ ಮಲಗಾಕ ಅಡ್ಡಿ ಇಲ್ಲಂತ. ಹಾಸಗಿ ಮಾತ್ರ ನಿಮ್ದ ತರ್ರಿ."